ನಾನು ಹೇಳದ ಮಾತಿಗೆ ನನ್ನ ಸಹಿ: ವಕೀಲರ ಪರಿಷತ್ತಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ, ಹಾಗೆಯೇ ಕೌಟುಂಬಿಕ ನ್ಯಾಯಾಲಯಗಳಲ್ಲಿ ಕೇಸು ನಡೆಸುವ ಎಲ್ಲ ವಕೀಲರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನು. ಊರು ತಿಪಟೂರಿನ ಹತ್ತಿರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಐಟಿಐ. ಇಂಗ್ಲಿಷ್‌ನಲ್ಲಿ ಡ್ರಾಯಿಂಗ್ ಓದುತ್ತೇನೆ, ಬಿಲ್ ಓದುತ್ತೇನೆ, ಬ್ಯಾಂಕಿನವರ ಕಾಗದವನ್ನೂ ಹೇಗೋ ಓದಿಕೊಳ್ಳುತ್ತೇನೆ. ಕೋರ್ಟಿನ ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

2021ರ ನವೆಂಬರಿನಲ್ಲಿ ನಾನು ವಿಚ್ಛೇದನಕ್ಕೆ ಅರ್ಜಿ ಹಾಕಿದೆ. ಅವತ್ತಿಗೆ ಮದುವೆಯಾಗಿ ಎಂಟು ವರ್ಷ, ಮಗನಿಗೆ ನಾಲ್ಕು. ಅರ್ಜಿ ಇಂಗ್ಲಿಷಿನಲ್ಲಿ, ಹದಿನಾಲ್ಕು ಪುಟ ಇತ್ತು. ವಕೀಲರ ಆಫೀಸಿನ ಹುಡುಗ ಪ್ರತಿ ಪುಟದಲ್ಲೂ ಪೆನ್ಸಿಲ್ಲಿನಲ್ಲಿ ಸಣ್ಣ ಗುರುತು ಹಾಕಿಟ್ಟಿದ್ದ. ಇಲ್ಲಿ ಹಾಕಿ, ಇಲ್ಲಿ ಹಾಕಿ, ಇಲ್ಲೊಂದು ಅಂದ. ಹಾಕಿದೆ. ಐದು ನಿಮಿಷವೂ ಆಗಲಿಲ್ಲ. ಕೊನೆಯ ಪುಟದಲ್ಲಿ ಪ್ರಮಾಣ ಇತ್ತು. ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಎಂದು ಅದರ ಅರ್ಥ. ಅದಕ್ಕೂ ಹಾಕಿದೆ. ಒಳಗೆ ಏನಿದೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಸಹಿ ನನ್ನದು.

ವಕೀಲರ ಎದುರು ಕೂತು ನಾನು ಹೇಳಿದ್ದೇನು ಅಂತ ನನಗೆ ಚೆನ್ನಾಗಿ ನೆನಪಿದೆ. ನನ್ನ ಅಮ್ಮ ನಮ್ಮ ಜೊತೆ ಇರುವುದು ನನ್ನ ಹೆಂಡತಿಗೆ ಇಷ್ಟವಿರಲಿಲ್ಲ, ಆ ವಿಷಯಕ್ಕೆ ದಿನಾ ಜಗಳ. ಎರಡನೇ ಲೇತಿಗೆ ಸಾಲ ಮಾಡಿದ್ದಕ್ಕೆ ಜಗಳ. ಕೊನೆಗೆ ಮಾತೇ ನಿಂತುಹೋಯಿತು. "ಕೆಲಸದ ಕಡೆಯವರ ಹತ್ತಿರ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡ್ತಾಳೆ ಸಾರ್, ನನ್ನ ಹತ್ತಿರ ಎರಡು ಮಾತಿಲ್ಲ" ಅಂದಿದ್ದೆ. ಅಷ್ಟೇ. ವಕೀಲರು ತಲೆಯಾಡಿಸಿ ಬರೆದುಕೊಂಡರು. "ಕೇಸ್ ಗಟ್ಟಿಯಾಗಿರಬೇಕಪ್ಪ, ಬರೀ ಅತ್ತೆ ಸೊಸೆ ಜಗಳ ಅಂದ್ರೆ ಕೋರ್ಟು ಕೊಡೋದಿಲ್ಲ" ಅಂದರು. ಗಟ್ಟಿ ಮಾಡುವುದು ಅಂದರೆ ಏನು ಅಂತ ಅವತ್ತು ನನಗೆ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಮೂರು ತಿಂಗಳ ಮೇಲೆ, ಸಮಾಲೋಚನೆಯ ಕೋಣೆಯಲ್ಲಿ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕೋರ್ಟು ಮೊದಲು ರಾಜಿಗೆ ಪ್ರಯತ್ನ ಮಾಡಬೇಕು. ಹಾಗಾಗಿ ನಮ್ಮಿಬ್ಬರನ್ನೂ ಕೂರಿಸಿದ್ದರು. ಅವಳು ಸಮನ್ಸ್ ಜೊತೆ ಬಂದಿದ್ದ ಅರ್ಜಿಯ ಪ್ರತಿ ತಂದಿದ್ದಳು. ಐದನೇ ಪುಟ ತೆಗೆದು, 11ನೇ ಪ್ಯಾರಾದ ಮೇಲೆ ಬೆರಳಿಟ್ಟು, ನನ್ನ ಕಡೆ ತಿರುಗಿಸಿದಳು.

"ಇದನ್ನ ನೀವೇ ಹೇಳಿ ಬರೆಸಿದ್ರಾ?"

"ಏನದು?" ಅಂದೆ.

ನಾನು ನಾಟಕ ಆಡುತ್ತಿದ್ದೇನೆ ಅಂದುಕೊಂಡಳು. ಅವಳು ಬಿಕಾಂ ಓದಿದವಳು. ಒಂದೊಂದೇ ಸಾಲು ಕನ್ನಡಕ್ಕೆ ತಂದು ಓದಿದಳು. ಎದುರುದಾರಳು, ಅಂದರೆ ಅವಳು, ತನ್ನ ಸಹೋದ್ಯೋಗಿಯ ಜೊತೆ ಅನೈತಿಕ ಸಂಬಂಧ ಇಟ್ಟುಕೊಂಡಿದ್ದಾಳೆ, ಮಗುವಿನ ಕಣ್ಣೆದುರೇ ಅಂಥ ನಡತೆ ತೋರಿಸಿದ್ದಾಳೆ, ಹೀಗೆ. ಓದುವಾಗ ಅವಳ ದನಿ ಒಂದು ಕಡೆಯೂ ನಡುಗಲಿಲ್ಲ. ಮುಗಿಸಿ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಪ್ತ ಸಮಾಲೋಚಕರು ಏನೋ ಕೇಳಿದರು. ಅವಳು ಉತ್ತರ ಕೊಡಲಿಲ್ಲ.

ನನ್ನ ಅರ್ಜಿಯನ್ನು ನನಗೆ ಗೊತ್ತಿರುವ ಭಾಷೆಯಲ್ಲಿ ಮೊದಲ ಸಲ ಓದಿ ಹೇಳಿದವಳು ಅವಳು. ನನ್ನ ವಕೀಲರಲ್ಲ.

ನಾನು ಹಾಗೆ ಹೇಳಿರಲಿಲ್ಲ ಅಂತ ಅವತ್ತೇ ಹೇಳಿದೆ. ಯಾರು ನಂಬುತ್ತಾರೆ? ಪುಟದ ಕೆಳಗೆ ನನ್ನ ಸಹಿ ಇದೆ. ನಮ್ಮ ಮದುವೆ ಉಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ, ಅದು ಅಷ್ಟರಲ್ಲೇ ಮುಗಿದಿತ್ತು. ಆದರೆ ಒಂದು ವರ್ಷದಲ್ಲಿ ಇಬ್ಬರೂ ಒಪ್ಪಿ ಬೇರೆಯಾಗಬಹುದಿತ್ತು. 11ನೇ ಪ್ಯಾರಾದಿಂದ ಅದು ಎರಡೂವರೆ ವರ್ಷವಾಯಿತು. ಅವಳ ಅಣ್ಣಂದಿರು ಸೇರಿಕೊಂಡರು. ನನ್ನ ಅರ್ಜಿಗೆ ಅವಳ ಕಡೆಯವರು ಕೊಟ್ಟ ಉತ್ತರ, ಅಂದರೆ ತಕರಾರು ಅರ್ಜಿಯಲ್ಲಿ ನನ್ನ ಬಗ್ಗೆಯೂ ಇಲ್ಲದ್ದು ಬಂತು. ನಾನು ಕುಡಿದು ಬಂದು ಹೊಡೆಯುತ್ತಿದ್ದೆ ಅಂತ ಇತ್ತು. ನನಗೆ ಬೀಡಿಯ ಅಭ್ಯಾಸವೂ ಇಲ್ಲ. ಅದು ಗೊತ್ತಾದಾಗ ನನಗೆ ಸಿಟ್ಟಿಗಿಂತ ಜಾಸ್ತಿ ಅನಿಸಿದ್ದು ಇದು: ಇವಳಿಗೂ ಯಾರೂ ಓದಿ ಹೇಳದೆ ಸಹಿ ಹಾಕಿಸಿರಬಹುದಾ?

ಸ್ವಾಮಿ, ವಕೀಲರ ನಡತೆಗೆ ಭಾರತೀಯ ವಕೀಲರ ಪರಿಷತ್ತೇ ನಿಯಮ ಮಾಡಿಟ್ಟಿದೆ. ಅದನ್ನು ನನಗೆ ಆಮೇಲೆ ತೋರಿಸಿದರು, ಕನ್ನಡದಲ್ಲಿ ಹೇಳಿದರು. ವಕೀಲರು ತಮ್ಮನ್ನು ಕಕ್ಷಿದಾರನ ಬರೀ ಬಾಯಿ ಅಂತ ತಿಳಿಯಬಾರದು, ತಮ್ಮ ವಿವೇಚನೆ ಬಳಸಬೇಕು, ಅರ್ಜಿಗಳಲ್ಲಿ ಹೀನಾಯವಾದ ನಿಂದನೆ ಬರೆಯಬಾರದು ಅಂತ ಅದರಲ್ಲಿದೆ. ಕಕ್ಷಿದಾರನೇ ಸಿಟ್ಟಿನಲ್ಲಿ ಹೇಳಿದರೂ ತಡೆಯಬೇಕು ಅನ್ನುವ ನಿಯಮ ಇದು. ನನ್ನ ವಿಷಯದಲ್ಲಿ ಕಕ್ಷಿದಾರ ಹೇಳಲೇ ಇಲ್ಲ.

ಕಾನೂನಿನ ಕಣ್ಣಲ್ಲೂ ಇದು ಸಣ್ಣ ವಿಷಯ ಅಲ್ಲ. 2003ರಲ್ಲಿ ವಿಜಯಕುಮಾರ್ ರಾಮಚಂದ್ರ ಭಾಟೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಕೋರ್ಟಿಗೆ ಕೊಡುವ ಹೇಳಿಕೆಯಲ್ಲಿ ಹೆಂಡತಿಯ ಶೀಲದ ಬಗ್ಗೆ ಆಧಾರವಿಲ್ಲದ ಆರೋಪ ಬರೆದರೆ, ಆ ಬರಹವೇ ಕ್ರೌರ್ಯ. ಅಂದರೆ ನನ್ನ ಕೇಸು ಗಟ್ಟಿಯಾಗಲಿ ಅಂತ ಸೇರಿಸಿದ ಸಾಲಿನಿಂದ ನಾನೇ ಕ್ರೌರ್ಯ ಮಾಡಿದವನಾಗುತ್ತಿದ್ದೆ. ನನ್ನ ಮೊದಲ ವಕೀಲರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆದರೋ, ನಾನು ತೀರ್ಮಾನ ಮಾಡುವುದಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೊಬ್ಬರ ಮೇಲೆ ಕೋಪ ತೀರಿಸಿಕೊಳ್ಳಲು ಈ ಪತ್ರ ಅಲ್ಲ. ಕೋರ್ಟಿನ ಬೆಂಚಿನ ಮೇಲೆ ಎರಡೂವರೆ ವರ್ಷ ಕೂತಿದ್ದೇನೆ. ಪಕ್ಕದಲ್ಲಿ ಕೂತವರನ್ನು ಕೇಳಿದ್ದೇನೆ. "ನಿಮ್ಮ ಅರ್ಜಿಯಲ್ಲಿ ಏನಿದೆ?" ಅಂದರೆ "ವಕೀಲರಿಗೆ ಗೊತ್ತು" ಅಂತಲೇ ಜಾಸ್ತಿ ಜನ ಹೇಳಿದರು.

ಒಬ್ಬ ಹೆಣ್ಣುಮಗಳು, ಮಾಗಡಿ ಕಡೆಯವರು, ತಮ್ಮ ಕೇಸು ಬೇರೆ ಇರುವುದಕ್ಕೋ ಮತ್ತೆ ಕೂಡಿ ಬಾಳುವುದಕ್ಕೋ ಅಂತಲೇ ಸರಿಯಾಗಿ ಗೊತ್ತಿಲ್ಲದೆ ಕೂತಿದ್ದರು. ಜೀವನಾಂಶ ಬಂದರೆ ಅದರಲ್ಲಿ ಇಷ್ಟು ಪಾಲು ಕೊಡಬೇಕು ಅಂತ ಅವರ ವಕೀಲರು ಮಾತಾಡಿಕೊಂಡಿದ್ದರಂತೆ. ಗೆದ್ದರೆ ಇಷ್ಟು ಅಂತ ಫೀಸು ಗೊತ್ತು ಮಾಡುವುದು, ಬಂದ ಹಣದಲ್ಲಿ ಪಾಲು ಕೇಳುವುದು, ಎರಡನ್ನೂ ನಿಮ್ಮ ನಿಯಮ ಬೇಡ ಅನ್ನುತ್ತದೆ. ಆ ತಾಯಿಗೆ ಅದು ಗೊತ್ತಿರಲಿಲ್ಲ. ಇನ್ನೊಂದೂ ಗೊತ್ತಿರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ಸಾಕು. ಬೆಂಗಳೂರಿನಲ್ಲಾದರೆ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲೇ ರಾಜ್ಯ ಪ್ರಾಧಿಕಾರದ ಕಚೇರಿ ಇದೆ.

ಈಗ ಮಗನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದು ಕಷ್ಟ.

2022ರ ಮಾರ್ಚಿನಲ್ಲಿ ಮೊದಲ ವಕೀಲರು ಇನ್ನೊಂದು ಅರ್ಜಿ ಹಾಕೋಣ ಅಂದರು. ಮಗುವನ್ನು ನನ್ನ ಸುಪರ್ದಿಗೆ ಕೊಡಿ ಅಂತ, 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಕೆಳಗೆ. "ಸಿಗುತ್ತಾ ಸಾರ್?" ಅಂದೆ. "ಸಿಗೋದು ಬಿಡೋದು ಬೇರೆ, ಹಾಕಿದರೆ ಅವರು ಬಗ್ಗುತ್ತಾರೆ" ಅಂದರು. ನಾನು ಒಪ್ಪಿದೆ. ಮಗ ನನಗೆ ಬೇಕಿತ್ತು, ಅದು ನಿಜ. ಆದರೆ ಅವನಿಗೆ ಅವತ್ತು ಇನ್ನೂ ಐದು ತುಂಬಿರಲಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಅಂತ 1956ರ ಹಿಂದೂ ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಹೇಳಬೇಕಾದವರಿಗೆ ಗೊತ್ತಿತ್ತು.

ಆ ಅರ್ಜಿಯಿಂದ ನನ್ನ ಮಗ ಕೋರ್ಟು ನೋಡಿದ. ತಿಂಗಳಿಗೆ ಎರಡು ಸಲ, ಎರಡೆರಡು ಗಂಟೆ, ಮಕ್ಕಳ ಕೋಣೆಯಲ್ಲಿ ನಾನು ಅವನನ್ನು ನೋಡಬಹುದು ಅಂತ ಆದೇಶವಾಯಿತು. ಅಲ್ಲಿ ಒಂದು ಮರದ ಲಾರಿ ಇತ್ತು. ಹಿಂದಿನ ಚಕ್ರ ಇರಲಿಲ್ಲ. ಮೊದಲ ದಿನ ಅವನು ನನ್ನ ಹತ್ತಿರ ಬರಲೇ ಇಲ್ಲ. ಆ ಲಾರಿಯನ್ನು ಒಂದು ಕಡೆ ಎತ್ತಿ ಹಿಡಿದುಕೊಂಡು ತಳ್ಳುತ್ತಾ ಕೂತಿದ್ದ. ನಾನು ಹೋಗಿ ಲೇತಿನಲ್ಲಿ ಒಂದು ಸಣ್ಣ ಆಕ್ಸಲ್ ಮತ್ತು ಎರಡು ನೈಲಾನ್ ಚಕ್ರ ಮಾಡಿದೆ. ಮುಂದಿನ ಸಲ ತಂದು ಹಾಕಿಕೊಟ್ಟೆ. ಅವನು ಲಾರಿ ಓಡಿಸಿ ನೋಡಿ, "ಅಪ್ಪ, ಇದು ಇಲ್ಲೇ ಇರಬೇಕಾ, ಮನೆಗೆ ತಗೊಂಡು ಹೋಗಬಹುದಾ?" ಅಂದ. ಇಲ್ಲೇ ಇರಬೇಕು ಕಂದಾ, ಬೇರೆ ಮಕ್ಕಳೂ ಬರ್ತಾರೆ ಅಂದೆ. ಯಾವ ಮನೆಗೆ ಅಂತ ಅವನು ಕೇಳಲಿಲ್ಲ. ನನಗೆ ಅದೇ ತಲೆಯಲ್ಲಿ ಕೂತಿತು.

ಒಂದು ವರ್ಷ ಕಳೆದ ಮೇಲೆ ನ್ಯಾಯಾಧೀಶರು ಅವನನ್ನು ತಮ್ಮ ಕೊಠಡಿಗೆ ಕರೆಸಿ ಒಬ್ಬನನ್ನೇ ಮಾತಾಡಿಸಿದರು. ಅವರು ಬಹಳ ಮೃದುವಾಗಿಯೇ ಮಾತಾಡಿಸಿರುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಹೊರಗೆ ಬಂದವನು ಒಂದು ಸಲ ನನ್ನ ಮುಖ ನೋಡಿದ, ಒಂದು ಸಲ ಅವರಮ್ಮನ ಮುಖ ನೋಡಿದ. ಆಮೇಲೆ ಇಬ್ಬರಿಗೂ ನಡುವೆ ಇದ್ದ ಖಾಲಿ ಕುರ್ಚಿಯಲ್ಲಿ ಹೋಗಿ ಕೂತ. ಅಲ್ಲಿಂದ ಏಳಲಿಲ್ಲ. ಅವತ್ತು ರಾತ್ರಿ ನಾನು ವಕೀಲರನ್ನು ಬದಲಾಯಿಸಲು ತೀರ್ಮಾನ ಮಾಡಿದೆ.

ಬದಲಾಯಿಸುವುದೂ ಸುಲಭ ಇರಲಿಲ್ಲ. ಹಳೆಯ ವಕೀಲರ ಒಪ್ಪಿಗೆ ಪತ್ರ, ಅಂದರೆ ಎನ್‌ಒಸಿ ಬೇಕು ಅಂದರು. ಅವರು ಬಾಕಿ 25,000 ಕೊಟ್ಟರೆ ಮಾತ್ರ ಫೈಲು, ಎನ್‌ಒಸಿ ಎರಡೂ ಅಂದರು. ಅಷ್ಟರಲ್ಲಿ ಎಷ್ಟು ಕೊಟ್ಟಿದ್ದೆ ಅಂತ ನನ್ನ ಹತ್ತಿರ ಒಂದು ರಸೀದಿಯೂ ಇರಲಿಲ್ಲ. ಫೀಸು ಬಾಕಿ ಇದೆ ಅಂತ ಕಕ್ಷಿದಾರನ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಹೇಳಿದೆ. ಹೊಸ ವಕೀಲರು ಫೋನಿನಲ್ಲಿ ಆ ಒಂದು ಮಾತು ನೆನಪಿಸಿದರು. ಮರುದಿನ ಫೈಲು ಬಂತು.

ಹೊಸ ವಕೀಲರು ಒಬ್ಬ ಹೆಣ್ಣುಮಗಳು. ಅವರ ಹೆಸರನ್ನೂ ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಿಲ್ಲ. ಮೊದಲ ದಿನ ಅವರು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ನನ್ನ ಹದಿನಾಲ್ಕು ಪುಟವನ್ನು ಪೂರ್ತಿ ಕನ್ನಡದಲ್ಲಿ ಓದಿ ಹೇಳಿದರು. ಪ್ರತಿ ಪ್ಯಾರಾಕ್ಕೂ ನಿಲ್ಲಿಸಿ, "ಇದು ನೀವು ಹೇಳಿದ್ದಾ? ನೋಡಿದ್ದಾ, ಯಾರಾದರೂ ಹೇಳಿ ಕೇಳಿದ್ದಾ? ಸಾಕ್ಷಿ ಏನಿದೆ?" ಅಂತ ಕೇಳಿ ಪಕ್ಕದಲ್ಲಿ ಬರೆದುಕೊಂಡರು. ಇಪ್ಪತ್ತಾರು ಪ್ಯಾರಾದಲ್ಲಿ ಒಂಬತ್ತನ್ನು ನಾನು ಹೇಳಿರಲಿಲ್ಲ. ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಗೆ ಅವರು ಫೀಸು ತಗೊಂಡರು, ರಸೀದಿ ಕೊಟ್ಟರು. ನನಗೆ ಅದು ತುಂಬಾ ಸರಿ ಅನಿಸಿತು.

ಆಮೇಲೆ ಕೇಸಿನ ಸಿಎನ್‌ಆರ್ ನಂಬರ್ ಬರೆದುಕೊಟ್ಟರು. ಪ್ರತಿ ಕೇಸಿಗೂ ಇರುವ ಗುರುತಿನ ನಂಬರ್ ಅದು, ಹದಿನಾರು ಅಕ್ಷರ, ಅಂಕಿ ಸೇರಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಪ್ರತಿ ತಾರೀಖು ಏನಾಯಿತು ಅಂತ ಯಾರು ಬೇಕಾದರೂ ನೋಡಬಹುದು. ನಾನು ಅಂಗಡಿಗೆ ಬಂದು ಕೂತು ಹಳೆಯ ತಾರೀಖುಗಳನ್ನೆಲ್ಲ ತೆಗೆದು ನೋಡಿದೆ. "ಜಡ್ಜ್ ರಜಾ ಇದ್ದರು, ಡೇಟ್ ಆಯ್ತು" ಅಂತ ನನಗೆ ಹೇಳಿದ್ದ ಮೂರು ದಿನಗಳಲ್ಲಿ, ಅರ್ಜಿದಾರರ ಪರ ವಕೀಲರು ಸಮಯ ಕೇಳಿದರು ಅಂತ ಇತ್ತು. ಅರ್ಜಿದಾರ ಅಂದರೆ ನಾನು.

ಕೇಸು ಎಳೆಯುವುದರಿಂದ ಗಂಡಸರಿಗೆ ಲಾಭ ಅಂತ ಒಂದು ಮಾತು ಕೋರ್ಟಿನ ಹೊರಗೆ ಓಡಾಡುತ್ತದೆ. ಟೀ ಅಂಗಡಿಯಲ್ಲಿ ಅದನ್ನು ಹೇಳದ ಮನುಷ್ಯನೇ ಇಲ್ಲ. ನನ್ನ ಲೆಕ್ಕ ಕೇಳಿ. ಅವಳು 2022ರ ಫೆಬ್ರವರಿಯಲ್ಲಿ ಮಧ್ಯಂತರ ಜೀವನಾಂಶಕ್ಕೆ, ಅಂದರೆ ಕೇಸು ಮುಗಿಯುವವರೆಗಿನ ಖರ್ಚಿಗೆ, ಅರ್ಜಿ ಹಾಕಿದಳು. ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಅದನ್ನು ಮುಗಿಸಬೇಕು ಅಂತ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿದೆ. ನಮ್ಮ ಕಡೆಯಿಂದ ಸಮಯ ಕೇಳಿ ಕೇಳಿ ಆದೇಶ ಬಂದಿದ್ದು 2023ರ ಏಪ್ರಿಲ್‌ನಲ್ಲಿ. ತಿಂಗಳಿಗೆ 12,000. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರ ರಜನೀಶ್ ಕೇಸಿನಲ್ಲಿ ಹೇಳಿದೆ. ಹದಿನಾಲ್ಕು ತಿಂಗಳಿನ 1,68,000 ಒಂದೇ ಸಲ ಕಟ್ಟಬೇಕಾಯಿತು. ಎರಡನೇ ಲೇತ್ ಮಾರಿದೆ. ಆ ಹಣ ನನ್ನ ಮಗನ ಊಟಕ್ಕೆ, ಸ್ಕೂಲಿಗೆ ಹೋಗಬೇಕಾದದ್ದು, ಅದನ್ನು ಕೊಡಲು ನನಗೆ ಬೇಜಾರಿಲ್ಲ. ಹದಿನಾಲ್ಕು ತಿಂಗಳು ಅದು ಅವನಿಗೆ ಹೋಗಲಿಲ್ಲವಲ್ಲ, ಅದಕ್ಕೆ ಬೇಜಾರು.

ಎರಡನೇ ವಕೀಲರು ಎರಡು ಷರತ್ತು ಹಾಕಿದ್ದರು. ಆದಾಯದ ಅಫಿಡವಿಟ್‌ನಲ್ಲಿ ಅಂಗಡಿಯ ನಿಜವಾದ ಲೆಕ್ಕ ಬರೆಯಬೇಕು. ಮಗುವಿನ ಸುಪರ್ದಿ ಅರ್ಜಿಯನ್ನು ಹಣದ ಮಾತಿಗೆ ಹಗ್ಗ ಮಾಡಿಕೊಳ್ಳಬಾರದು. "ನಿಮಗೆ ಮಗು ಬೇಕಾ, ಮಗುವಿಗೆ ನೀವು ಬೇಕಾ, ಎರಡು ಬೇರೆ ಬೇರೆ ಪ್ರಶ್ನೆ. ಮನೆಗೆ ಹೋಗಿ ಯೋಚಿಸಿ ಬನ್ನಿ" ಅಂದರು. ಅಮ್ಮನಿಗೆ ಎಪ್ಪತ್ತು ದಾಟಿದೆ. ನಾನು ಬೆಳಗ್ಗೆ ಎಂಟಕ್ಕೆ ಅಂಗಡಿಗೆ ಹೋದರೆ ರಾತ್ರಿ ಎಂಟು. ಅವನನ್ನು ಸ್ಕೂಲಿಗೆ ಕಳಿಸುವವರು ಯಾರು, ಜ್ವರ ಬಂದರೆ ಪಕ್ಕದಲ್ಲಿ ಕೂರುವವರು ಯಾರು? ಮೊದಲ ವಕೀಲರು ನನ್ನನ್ನು ಈ ಪ್ರಶ್ನೆ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ನಾನು ಆ ಅರ್ಜಿ ಹಾಕುತ್ತಿರಲಿಲ್ಲ.

11ನೇ ಪ್ಯಾರಾವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂತ ಕೋರ್ಟಿಗೆ ಒಂದು ಮೆಮೊ, ಅಂದರೆ ಸಣ್ಣ ಲಿಖಿತ ಹೇಳಿಕೆ, ಹಾಕಿದೆವು. ಆ ಮೆಮೊ ಕನ್ನಡದಲ್ಲಿತ್ತು. ಇದನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಹೇಳಬೇಕು: ಹೈಕೋರ್ಟಿಗೆ ಹೋದರೆ ಇಂಗ್ಲಿಷ್ ಬೇಕು, ಆದರೆ ನಮ್ಮ ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲೇ ಅರ್ಜಿ ಹಾಕಬಹುದು, ಕನ್ನಡದಲ್ಲೇ ಸಾಕ್ಷಿ ಹೇಳಬಹುದು. ಆರು ಸಾಲಿನ ಮೆಮೊ. ಕೊನೆಯ ಸಾಲು ನಾನೇ ಹೇಳಿ ಬರೆಸಿದ್ದು: ಈ ಆರೋಪವನ್ನು ನಾನು ಮಾಡಿರಲಿಲ್ಲ, ಓದದೆ ಸಹಿ ಮಾಡಿದ್ದು ನನ್ನ ತಪ್ಪು. ಅದರ ಪ್ರತಿಯನ್ನು ಅವಳ ವಕೀಲರಿಗೆ ಕೊಟ್ಟೆವು. ಅವಳು ಅದನ್ನು ಓದಿದಳು ಅಂತ ಅವರ ವಕೀಲರು ಹೇಳಿದರು. ಮುಂದಿನ ತಾರೀಖಿನಲ್ಲಿ, ಎರಡು ವರ್ಷಕ್ಕೆ ಮೊದಲ ಸಲ, "ಅಮ್ಮ ಹೇಗಿದ್ದಾರೆ?" ಅಂತ ಕೇಳಿದಳು.

ಅಲ್ಲಿಂದ ಮುಂದೆ ಬೇಗ ಆಯಿತು. ಕೇಸನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರು. ಐದು ಸಲ ಕೂತೆವು. ಇಬ್ಬರೂ ಒಪ್ಪಿ ವಿಚ್ಛೇದನ, ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಪ್ರಕಾರ. ಅದಕ್ಕೆ ಆರು ತಿಂಗಳು ಕಾಯಬೇಕು. ಆದರೆ ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇರೆಯಿದ್ದು, ಜೀವನಾಂಶ, ಮಗುವಿನ ವಿಷಯ ಎಲ್ಲ ನಿಜವಾಗಿ ತೀರ್ಮಾನವಾಗಿದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಡಬಹುದು ಅಂತ 2017ರ ಅಮರ್‌ದೀಪ್ ಸಿಂಗ್ ಕೇಸಿನಲ್ಲಿ ಆಗಿದೆ. ನಮಗೂ ಬಿಟ್ಟರು.

ಒಪ್ಪಂದದ ಕಾಗದ ಕನ್ನಡದಲ್ಲಿದೆ. ಮೊದಲ ಮತ್ತು ಮೂರನೇ ಶನಿವಾರ ಬೆಳಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ ಮಗ ನನ್ನ ಹತ್ತಿರ. ಬುಧವಾರ ರಾತ್ರಿ ವೀಡಿಯೊ ಕಾಲ್. ಬೇಸಿಗೆ ರಜೆ, ದಸರಾ ರಜೆಯಲ್ಲಿ ಅರ್ಧರ್ಧ. ಯುಗಾದಿ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಸ್ಕೂಲಿನ ಪೋಷಕರ ಸಭೆಗೆ ಇಬ್ಬರೂ ಹೋಗಬಹುದು. ಅವನಿಗೆ ಹುಷಾರಿಲ್ಲದಿದ್ದರೆ ಆ ಶನಿವಾರ ಮುಂದಿನ ವಾರಕ್ಕೆ ಹೋಗುತ್ತದೆ, ಯಾರೂ ವಾದ ಮಾಡುವ ಹಾಗಿಲ್ಲ. ಈ ಕೊನೆಯದನ್ನು ಸೇರಿಸಿದ್ದು ಅವಳ ವಕೀಲರು. ಇಷ್ಟು ಸಣ್ಣದನ್ನೂ ಬರೆಯಬೇಕಾ ಅಂದಿದ್ದೆ. ಎರಡು ವರ್ಷದಲ್ಲಿ ನಾಲ್ಕು ಸಲ ಅದು ನಮ್ಮನ್ನು ಜಗಳದಿಂದ ಉಳಿಸಿದೆ. ತಂದೆ ತಾಯಿ ಬೇರೆಯಾದರೂ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ಕೇಸಿನಲ್ಲಿ ಹೇಳಿತು. ಆ ಹಕ್ಕನ್ನು ಶನಿವಾರ, ಬುಧವಾರ ಅಂತ ಬಿಡಿಸಿ ಬರೆದವರು ಇಬ್ಬರು ವಕೀಲರು. ಒಬ್ಬರು ನನ್ನ ಕಡೆ, ಒಬ್ಬರು ಅವಳ ಕಡೆ. ಇಬ್ಬರಿಗೂ ನಾನು ಋಣಿ. ಹಾಗಾಗಿ ವಕೀಲರೇ ಬೇಡ ಅನ್ನುವವನು ನಾನಲ್ಲ.

ಈಗ ನನ್ನ ಬೇಡಿಕೆ.

ಹೆಬ್ಬೆಟ್ಟು ಒತ್ತುವವರ ಅಫಿಡವಿಟ್‌ನಲ್ಲಿ, ಅವರಿಗೆ ಓದಿ ಹೇಳಿ ಅರ್ಥ ಮಾಡಿಸಲಾಗಿದೆ ಅಂತ ಬರೆಯುವ ರೂಢಿ ಇದೆ. ಒಳ್ಳೆಯ ರೂಢಿ. ಆದರೆ ನನಗೆ ಸಹಿ ಹಾಕಲು ಬರುತ್ತದೆ. ಸಹಿ ಹಾಕಲು ಬಂದಮೇಲೆ ಇಂಗ್ಲಿಷ್ ಓದಲೂ ಬರುತ್ತದೆ ಅಂತ ಲೆಕ್ಕ. ಹೆಬ್ಬೆಟ್ಟಿನವರಿಗೆ ಸಿಗುವ ಕಾವಲು ಕನ್ನಡ ಮೀಡಿಯಂ ಓದಿದ ನಮಗೆ ಸಿಗುವುದಿಲ್ಲ. ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುವ ಪ್ರತಿ ಅರ್ಜಿಗೂ, ಪ್ರತಿ ತಕರಾರಿಗೂ, ಕೊನೆಯಲ್ಲಿ ಒಂದು ಪುಟ ಸೇರಿಸಿ. ಕಕ್ಷಿದಾರನಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಿದ್ದೇನೆ, ಇಂಥ ದಿನ, ಇಷ್ಟು ಹೊತ್ತು ಅಂತ ವಕೀಲರು ಬರೆದು ತಮ್ಮ ಸಹಿ ಹಾಕಲಿ. ಕನ್ನಡ ಇರಬಹುದು, ಉರ್ದು, ತುಳು, ತೆಲುಗು ಯಾವುದೂ ಇರಬಹುದು. ಇನ್ನೊಬ್ಬರ ಶೀಲದ ಬಗ್ಗೆ ಆರೋಪ ಇದ್ದರೆ ಆ ಪ್ಯಾರಾದ ಪಕ್ಕದಲ್ಲಿ ಕಕ್ಷಿದಾರ ಬೇರೆಯಾಗಿ ಸಹಿ ಹಾಕಲಿ. ಕೋರ್ಟಿನ ನಿಯಮ ಬದಲಾಯಿಸುವುದು ಹೈಕೋರ್ಟಿನ ಕೆಲಸ ಅಂತ ನನಗೆ ಗೊತ್ತು. ಆದರೆ ನಿಮ್ಮ ಸದಸ್ಯರಿಗೆ ಒಂದು ಸುತ್ತೋಲೆ ಕಳಿಸಲು ಪರಿಷತ್ತಿಗೆ ಯಾರ ಅಪ್ಪಣೆಯೂ ಬೇಡ ಅಲ್ವಾ?

ಒಬ್ಬ ವಕೀಲ ಮಿತ್ರರಿಗೆ ಇದನ್ನು ಹೇಳಿದಾಗ ಅವರು ಎರಡು ಮಾತು ಹೇಳಿದರು. ಒಂದು, ಸಮಯ ಎಲ್ಲಿದೆ? ಅದಕ್ಕೆ ಉತ್ತರ ಮೇಲೆಯೇ ಇದೆ. ಎರಡು ಗಂಟೆ ಓದಿದ್ದರೆ ಎರಡೂವರೆ ವರ್ಷ ಹೋಗುತ್ತಿರಲಿಲ್ಲ. ಆ ಎರಡು ಗಂಟೆಗೆ ಫೀಸು ಕೇಳಿ, ನಾವು ಕೊಡುತ್ತೇವೆ. ಇನ್ನೊಂದು ಮಾತು ಹೆಚ್ಚು ತೂಕದ್ದು. "ನಿಮಗೆ ಅವತ್ತು ಓದಿ ಹೇಳಿದ್ದರೆ ತೆಗೆಸುತ್ತಿದ್ರಾ? ಸಿಟ್ಟಿನಲ್ಲಿ ಬರುವ ಜನ ಇನ್ನೂ ಜೋರಾಗಿ ಬರೀರಿ ಅಂತಾರೆ." ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಆ ನವೆಂಬರಿನಲ್ಲಿ ನನಗೆ ನಿದ್ದೆ ಇರಲಿಲ್ಲ. ಓದಿ ಹೇಳಿದ್ದರೂ "ಇರಲಿ ಬಿಡಿ ಸಾರ್" ಅಂದುಬಿಡುತ್ತಿದ್ದೆನೋ ಏನೋ. ಆದರೆ ನಾನು ಹಾಗೆ ಅಂದಿದ್ದರೆ, ನಿಮ್ಮ ನಿಯಮ ಹೇಳುವ ಆ ವಿವೇಚನೆ ವಕೀಲರಲ್ಲಿ ಇರಬೇಕಿತ್ತು. ನಾನು ತಲೆ ಕೆಟ್ಟ ಸ್ಥಿತಿಯಲ್ಲಿ ಬಂದವನು. ತಲೆ ಸರಿಯಿರುವ ಒಬ್ಬರು ಬೇಕು ಅಂತಲೇ ಅವರ ಹತ್ತಿರ ಹೋಗಿದ್ದು.

ನಾನು 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಕೆಳಗೆ ನಿಮಗೆ ದೂರು ಕೊಟ್ಟಿಲ್ಲ. ಕೊಡಬಹುದಿತ್ತು. 2024ರ ಮೇನಲ್ಲಿ ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ನಮ್ಮಂಥವರು ಗ್ರಾಹಕರ ವೇದಿಕೆಗೆ ಹೋಗುವ ಹಾಗಿಲ್ಲ. ಒಬ್ಬ ವಕೀಲರ ನಡತೆಯ ಬಗ್ಗೆ ಹೇಳಿಕೊಳ್ಳಲು ಇರುವ ಬಾಗಿಲು ನಿಮ್ಮದೇ. ಆದರೆ ದೂರು ಕೊಟ್ಟರೆ ಆ ಹದಿನಾಲ್ಕು ಪುಟ ಮತ್ತೆ ಮೇಜಿನ ಮೇಲೆ ಬರುತ್ತದೆ. ಮತ್ತೆ ಯಾರೋ 11ನೇ ಪ್ಯಾರಾ ಗಟ್ಟಿಯಾಗಿ ಓದುತ್ತಾರೆ. ಅವಳು ಮತ್ತೆ ಬಂದು ಕೂರಬೇಕಾಗುತ್ತದೆ. ಅದು ನನಗೆ ಬೇಡ.

ಆ ಅರ್ಜಿ ಕೋರ್ಟಿನ ದಾಖಲೆಯಲ್ಲಿ ಇನ್ನೂ ಇದೆ. ಮೆಮೊ ಅದರ ಜೊತೆ ಸೇರಿದೆ, ಆದರೆ ಸಾಲು ಅಳಿಸಿಹೋಗಿಲ್ಲ. ಒಂದು ಪ್ರತಿ ನನ್ನ ಬೀರುವಿನಲ್ಲಿದೆ, ಒಂದು ಅವಳ ಮನೆಯಲ್ಲಿ ಇದ್ದೀತು. ಮಗ ಈಗ ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಹೋದ ತಿಂಗಳು ಅಂಗಡಿಗೆ ಬಂದಿದ್ದ ಕೊರಿಯರ್ ಕವರಿನ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದ. ಇನ್ನು ಕೆಲವು ವರ್ಷ ಕಳೆದರೆ, ನನಗೆ ಓದಲು ಬರದ ಆ ಪುಟ ಅವನಿಗೆ ಸಲೀಸಾಗಿ ಓದಲು ಬರುತ್ತದೆ. ಕೆಳಗಿರುವ ಸಹಿ ಯಾರದು ಅಂತಲೂ ಗೊತ್ತಾಗುತ್ತದೆ.

ಸುತ್ತೋಲೆ ಬರೆಯುವಾಗ ಕಕ್ಷಿದಾರನ ಕಡೆಯಿಂದ ಯಾರಾದರೂ ಬಂದು ಹೇಳಬೇಕು ಅಂತ ಅನಿಸಿದರೆ ನನ್ನನ್ನು ಕರೆಯಿರಿ. ಅಂಗಡಿ ಮುಚ್ಚಿ ಬರುತ್ತೇನೆ. ಮೊದಲ ಮತ್ತು ಮೂರನೇ ಶನಿವಾರ ಮಾತ್ರ ಆಗುವುದಿಲ್ಲ. ಅವತ್ತು ಮಗ ಬರುತ್ತಾನೆ.

ಇಂತಿ,
ಪೀಣ್ಯದ ಒಬ್ಬ ಲೇತ್ ಕೆಲಸಗಾರ